ನಲ್ಲಿ, ಚರಂಡಿ, ಕರೆಂಟು ಎಲ್ಲ ನಿಮ್ಮದೇ: ಆರ್‌ವಿ ಹತ್ತುವ ಮುನ್ನ

ಭಾನುವಾರ ಬೆಳಿಗ್ಗೆ ಹನ್ನೊಂದರ ಸುಮಾರಿಗೆ ಅಮೆರಿಕದ ದೊಡ್ಡ ಕ್ಯಾಂಪ್‌ಗ್ರೌಂಡುಗಳ ಬಾಗಿಲ ಬಳಿ ಒಂದು ಸಾಲು ಬೆಳೆದಿರುತ್ತದೆ. ಬಸ್ಸಿನಷ್ಟು ಉದ್ದದ ಬಿಳಿ ಗಾಡಿಗಳು, ಪಿಕಪ್ ಟ್ರಕ್ಕಿನ ಹಿಂದೆ ಸಿಕ್ಕಿಸಿದ ಟ್ರೇಲರುಗಳು, ನಡುವೆ ಒಂದೆರಡು ವ್ಯಾನುಗಳು. ಸಾಲಿನ ಮುಂದಿರುವವರು ಕೈಗವಸು ತೊಟ್ಟು, ಗಾಡಿಯ ಹೊಟ್ಟೆಯಡಿಗೆ ಒಂದು ದಪ್ಪ ಪೈಪು ಸಿಕ್ಕಿಸಿ, ಅದರ ಇನ್ನೊಂದು ತುದಿಯನ್ನು ನೆಲದಲ್ಲಿರುವ ತೂತಿಗೆ ಕೂರಿಸುತ್ತಿರುತ್ತಾರೆ. ಹಿಂದೆ ನಿಂತ ಅನುಭವಿಗಳು ನೆಮ್ಮದಿಯಾಗಿ ಕಾಫಿ ಕುಡಿಯುತ್ತಿರುತ್ತಾರೆ. ಮೊದಲ ಸಲ ಬಾಡಿಗೆಗೆ ಗಾಡಿ ತಂದವರು ಮಾತ್ರ ಮುಂದಿನವರು ಏನೇನು ಮಾಡುತ್ತಾರೆಂದು ಕಣ್ಣು ಕೀಲಿಸಿ ನೋಡುತ್ತಾರೆ.

ಇದು ಡಂಪ್ ಸ್ಟೇಷನ್. ವಾರಾಂತ್ಯದ ಕೊಳೆನೀರು ಗಾಡಿಯಿಂದ ಇಳಿಯುವ ಜಾಗ. ಮಗ, ಮಗಳ ಮನೆಗೆ ಬೇಸಿಗೆಯಲ್ಲಿ ಹೋಗಿಬಂದ ನಮ್ಮ ಹಿರಿಯರು ತೋರಿಸುವ ಫೋಟೋಗಳಲ್ಲಿ ಗ್ರ್ಯಾಂಡ್ ಕ್ಯಾನ್ಯನ್ ಇರುತ್ತದೆ, ಯೆಲ್ಲೊಸ್ಟೋನಿನ ಕಾಡೆಮ್ಮೆ ಇರುತ್ತದೆ, ಒಳಗೇ ಹಾಸಿಗೆ, ಒಲೆ, ಬಚ್ಚಲು ಇರುವ ಗಾಡಿಯೂ ಇರುತ್ತದೆ. ಈ ಸಾಲು ಇರುವುದಿಲ್ಲ. ಆದರೆ ಆರ್‌ವಿ, ಅಂದರೆ ರಿಕ್ರಿಯೇಷನಲ್ ವೆಹಿಕಲ್ ಎಂಬ ಈ ವಾಹನ ಅರ್ಥವಾಗಬೇಕಾದರೆ ಇಲ್ಲಿಂದಲೇ ಶುರುಮಾಡಬೇಕು.

ಊರಿನ ಮನೆಯಲ್ಲಿ ನಲ್ಲಿ ತಿರುಗಿಸಿದರೆ ನೀರು, ಗುಂಡಿ ಒತ್ತಿದರೆ ದೀಪ. ಬಚ್ಚಲಿಗೆ ಹೋದದ್ದು ಎಲ್ಲಿಗೆ ಹೋಯಿತೆಂದು ಯಾರೂ ಕೇಳುವುದಿಲ್ಲ. ಆರ್‌ವಿ ಈ ಎಲ್ಲ ಕೊಳವೆ, ತಂತಿಗಳಿಂದ ಕಳಚಿಕೊಂಡು ರಸ್ತೆಗಿಳಿದ ಮನೆ. ಅದರೊಳಗೆ ಇರುವಷ್ಟು ದಿನ ನೀರು ಬಿಡುವವರು, ಚರಂಡಿ ನೋಡುವವರು, ಲೈನ್‌ಮನ್ ಎಲ್ಲ ನೀವೇ. ನಾಲ್ಕು ಜನರ ಪುಟ್ಟ ಪುರಸಭೆ ನಡೆಸಿದ ಹಾಗೆ. ಅಲ್ಲಿ ಪ್ರವಾಸ ಬೇರೆ, ಗಾಡಿಯ ನಿಗಾ ಬೇರೆ ಅಲ್ಲ. ಇದು ಮೊದಲೇ ಗೊತ್ತಿದ್ದವರ ರಜೆ ಸುಖವಾಗಿ ಕಳೆಯುತ್ತದೆ.

ಎಷ್ಟು ದೊಡ್ಡದು ಬೇಕು?

ಮೋಟಾರು ಗಾಡಿಯನ್ನೇ ಮನೆ ಮಾಡಿಕೊಳ್ಳುವ ಹವ್ಯಾಸ ಅಮೆರಿಕದಲ್ಲಿ ನೂರು ವರ್ಷ ದಾಟಿದೆ. 1919ರಲ್ಲೇ ಫ್ಲಾರಿಡಾದ ಟ್ಯಾಂಪಾದಲ್ಲಿ ಇಂಥ ಪ್ರವಾಸಿಗಳು 'ಟಿನ್ ಕ್ಯಾನ್ ಟೂರಿಸ್ಟ್ಸ್' ಎಂಬ ಸಂಘ ಕಟ್ಟಿದ್ದರು. ಇಂದು ಈ ಗಾಡಿಗಳ ಬಹುಪಾಲು ತಯಾರಾಗುವುದು ಇಂಡಿಯಾನಾ ರಾಜ್ಯದ ಎಲ್ಕ್‌ಹಾರ್ಟ್ ಪಟ್ಟಣದ ಸುತ್ತಮುತ್ತ.

ಸ್ವಂತ ಇಂಜಿನ್ ಇರುವವುಗಳಲ್ಲಿ ಮೂರು ವರ್ಗ. ಬಸ್ಸಿನಂಥದು ಎ, ಎತ್ತರದ ವ್ಯಾನಿನೊಳಗೇ ಎಲ್ಲವನ್ನೂ ಹೊಂದಿಸಿದ್ದು ಬಿ. ಚಾಲಕನ ತಲೆಯ ಮೇಲೆ ಒಂದು ಹಾಸಿಗೆ ಚಾಚಿಕೊಂಡಿರುವುದು ಸಿ. ಬಾಡಿಗೆಗೆ ಹೆಚ್ಚಾಗಿ ಸಿಗುವುದು ಇದೇ. ಇಂಜಿನ್ ಇಲ್ಲದೆ ಎಳೆದುಕೊಂಡು ಹೋಗುವ ಟ್ರೇಲರುಗಳದ್ದು ಬೇರೆ ಸಂಸಾರ. 26,000 ಪೌಂಡ್, ಅಂದರೆ ಸುಮಾರು 11,800 ಕೆ.ಜಿ.ಯೊಳಗಿನ ಗಾಡಿಗೆ ಬಹುತೇಕ ರಾಜ್ಯಗಳಲ್ಲಿ ಕಾರಿನ ಲೈಸೆನ್ಸೇ ಸಾಕು. ಸಾಕು ಎಂದಮಾತ್ರಕ್ಕೆ ಕಾರಿನಂತೆ ಓಡಿಸಬಹುದು ಎಂದಲ್ಲ. ಸಿ ವರ್ಗದ ಗಾಡಿ ಲೀಟರಿಗೆ ನಾಲ್ಕು ಕಿಲೋಮೀಟರ್ ಕೊಟ್ಟರೆ ಒಳ್ಳೆಯದೇ. ತಿರುವಿನಲ್ಲಿ ಅದರ ಹಿಂಭಾಗ ಎದುರು ದಿಕ್ಕಿಗೆ ಬೀಸುತ್ತದೆ, ಬ್ರೇಕ್ ಹಾಕಿದ ಮೇಲೆ ನಿಲ್ಲಲು ಹೆಚ್ಚು ದೂರ ಬೇಕು. ನನ್ನ ಮಟ್ಟಿಗೆ, ಬೇಕೆನ್ನಿಸಿದ್ದಕ್ಕಿಂತ ಒಂದಳತೆ ಚಿಕ್ಕದನ್ನು ಆರಿಸುವುದೇ ಜಾಣತನ.

ಮೂರು ಟ್ಯಾಂಕುಗಳ ಸಂಸಾರ

ಗಾಡಿಯ ಅಡಿಯಲ್ಲಿ ಸಾಮಾನ್ಯವಾಗಿ ಮೂರು ಟ್ಯಾಂಕುಗಳಿರುತ್ತವೆ. ಒಂದರಲ್ಲಿ ಶುದ್ಧ ನೀರು. ಸ್ನಾನ ಮಾಡಿದ, ಪಾತ್ರೆ ತೊಳೆದ ನೀರು ಸೇರುವುದು ಗ್ರೇ ಟ್ಯಾಂಕಿಗೆ. ಶೌಚಾಲಯದ್ದು ಬ್ಲ್ಯಾಕ್ ಟ್ಯಾಂಕಿಗೆ. ಶುದ್ಧ ನೀರಿನ ಟ್ಯಾಂಕು 150 ಲೀಟರಿನದಾದರೆ ತುಂಬಿದಾಗ ಅಷ್ಟೇ ಕಿಲೋ ತೂಕ. ಊರಿನ ಷವರಿನಲ್ಲಿ ನಿಮಿಷಕ್ಕೆ ಏಳೆಂಟು ಲೀಟರ್ ಹರಿಯುತ್ತದೆ; ನಾಲ್ಕು ಜನ ಐದೈದು ನಿಮಿಷ ಹಾಗೆ ಮಿಂದರೆ ಟ್ಯಾಂಕು ಬರಿದು. ಮೈ ನೆನೆಸಿ, ನಲ್ಲಿ ನಿಲ್ಲಿಸಿ, ಸೋಪು ಹಚ್ಚಿ, ಮತ್ತೆ ನಲ್ಲಿ ಬಿಡುವುದು ಇಲ್ಲಿನ ರೂಢಿ. ಬಕೆಟ್ಟು, ಚೊಂಬಿನಲ್ಲಿ ಬೆಳೆದ ನಮಗೆ ಇದು ಕಷ್ಟವಾಗಬಾರದು.

ಹೊಸಬರು ಹೆಚ್ಚು ಎಡವುವುದು ಬ್ಲ್ಯಾಕ್ ಟ್ಯಾಂಕಿನಲ್ಲಿ. ಕ್ಯಾಂಪ್‌ಗ್ರೌಂಡಿನಲ್ಲಿ ಚರಂಡಿಯ ಸಂಪರ್ಕ ಇದೆಯಲ್ಲ ಎಂದು ಅದರ ವಾಲ್ವನ್ನು ತೆರೆದೇ ಬಿಡುತ್ತಾರೆ. ಆಗ ನೀರೆಲ್ಲ ಹರಿದುಹೋಗಿ ಗಟ್ಟಿ ಪದಾರ್ಥವಷ್ಟೇ ಒಳಗೆ ಉಳಿದು ಗುಡ್ಡೆಯಾಗುತ್ತದೆ. ಅದು ಒಣಗಿತೆಂದರೆ ಬಿಡಿಸುವುದು ಯಾರಿಗೂ ಬೇಡದ ಕೆಲಸ. ವಾಲ್ವು ಮುಚ್ಚಿಯೇ ಇರಲಿ. ಮೂರನೇ ಎರಡು ಭಾಗದಷ್ಟು ತುಂಬಿದ ಮೇಲೆ ಒಮ್ಮೆಲೇ ಬಿಟ್ಟರೆ ನೀರಿನ ರಭಸಕ್ಕೆ ಎಲ್ಲ ಕೊಚ್ಚಿಹೋಗುತ್ತದೆ. ಮೊದಲು ಬ್ಲ್ಯಾಕ್, ಆಮೇಲೆ ಗ್ರೇ. ಸೋಪಿನ ನೀರು ಪೈಪನ್ನು ತೊಳೆದುಕೊಂಡು ಹೋಗಲಿ ಎಂದೇ ಈ ಕ್ರಮ. ಖಾಲಿಯಾದ ಟ್ಯಾಂಕಿಗೆ ಒಂದಿಷ್ಟು ನೀರು ಹಾಕಿಡಬೇಕು. ಬೇಗ ಕರಗುವ ಕಾಗದ ಬಿಟ್ಟು ಬೇರೇನೂ ಅದರೊಳಗೆ ಹೋಗಕೂಡದು. ಒದ್ದೆ ವೈಪ್ಸ್ ಅಂತೂ ಬೇಡವೇ ಬೇಡ, ಪೊಟ್ಟಣದ ಮೇಲೆ ಏನೇ ಬರೆದಿರಲಿ. ಟ್ಯಾಂಕು ತುಂಬಿದೆ ಎಂದು ಗೋಡೆಯ ಮೇಲಿನ ದೀಪ ತೋರಿಸುತ್ತಲೇ ಇದ್ದರೆ ಗಾಬರಿಯಾಗಬೇಡಿ. ಒಳಗಿನ ಸೆನ್ಸರಿಗೆ ಕಾಗದ ಅಂಟಿಕೊಂಡು ಹಾಗೆ ತಪ್ಪು ತೋರಿಸುವುದು ತೀರ ಸಾಮಾನ್ಯ.

ಡಂಪ್ ಸ್ಟೇಷನ್ನಿನಲ್ಲಿ ತೊಳೆಯಲೆಂದು ಇಟ್ಟಿರುವ ನಲ್ಲಿಯ ನೀರನ್ನು ಕುಡಿಯುವ ಟ್ಯಾಂಕಿಗೆ ತುಂಬಬಾರದು. ಅಲ್ಲಿ ಯಾರ ಪೈಪು ಏನನ್ನು ಮುಟ್ಟಿದೆಯೋ ಹೇಳಲಾಗದು. ಕುಡಿಯುವ ನೀರಿಗೆ ಬೇರೆಯೇ ಬಿಳಿ ಪೈಪು ಇರುತ್ತದೆ, ಅದನ್ನು ಬೇರೆ ಖಾನೆಯಲ್ಲೇ ಇಡಬೇಕು. ಕ್ಯಾಂಪ್‌ಗ್ರೌಂಡಿನ ನಲ್ಲಿಗೆ ನೇರ ಜೋಡಿಸುವುದಾದರೆ ನಡುವೆ ಒತ್ತಡ ತಗ್ಗಿಸುವ ರೆಗ್ಯುಲೇಟರ್ ಹಾಕಿ. ಗಾಡಿಯೊಳಗಿನ ಪ್ಲಾಸ್ಟಿಕ್ ಕೊಳವೆಗಳಿಗೆ 40ರಿಂದ 60 ಪಿಎಸ್‌ಐ ಒತ್ತಡ ಸಾಕು. ಕೆಲವು ಕಡೆ ನಲ್ಲಿಯ ಒತ್ತಡ ಅದನ್ನೂ ಮೀರಿ, ರಾತ್ರಿಯಲ್ಲಿ ಯಾವುದೋ ಜಾಯಿಂಟ್ ಬಿಚ್ಚಿಕೊಂಡು ನೆಲವೆಲ್ಲ ನೀರಾಗುತ್ತದೆ.

ಕರೆಂಟಿನ ಲೆಕ್ಕ

ಕ್ಯಾಂಪ್‌ಗ್ರೌಂಡಿನ ಕಂಬದ ಪೆಟ್ಟಿಗೆಯಿಂದ ದಪ್ಪ ಕೇಬಲ್ ಎಳೆದುಕೊಂಡರೆ ಒಳಗೆ ಎಲ್ಲವೂ ಮನೆಯಂತೆಯೇ ನಡೆಯುತ್ತದೆ ಎಂಬುದು ಅರ್ಧ ಸತ್ಯ. ಸಾಮಾನ್ಯ ಸಂಪರ್ಕ 30 ಆಂಪಿಯರ್, 120 ವೋಲ್ಟ್. ಗುಣಿಸಿದರೆ 3,600 ವಾಟ್. ಚಾವಣಿಯ ಏಸಿಗೆ ಸುಮಾರು 1,500 ಹೋಯಿತು. ಇಂಡಕ್ಷನ್ ಒಲೆ 1,800 ತಿನ್ನುತ್ತದೆ. ಇವೆರಡೂ ನಡೆಯುತ್ತಿರುವಾಗ ಯಾರಾದರೂ ಕಾಫಿಗೆಂದು ಕೆಟಲ್ ಹಾಕಿದರೆ ಬ್ರೇಕರ್ ಬೀಳುತ್ತದೆ. ದೊಡ್ಡ ಗಾಡಿಗಳ 50 ಆಂಪಿಯರ್ ಸಂಪರ್ಕದಲ್ಲಿ ಎರಡು ಲೈನುಗಳು ಸೇರಿ 12,000 ವಾಟ್ ಸಿಗುವುದರಿಂದ ಈ ತಾಪತ್ರಯವಿಲ್ಲ. ಊರಿಂದ ತಂದ 230 ವೋಲ್ಟಿನ ಮಿಕ್ಸಿ ಅಲ್ಲಿನ ಕರೆಂಟಿಗೆ ಸರಿಯಾಗಿ ತಿರುಗುವುದಿಲ್ಲ; ಅದನ್ನು ಹೊತ್ತೊಯ್ಯಬೇಡಿ.

ಕಂಬವಿಲ್ಲದ ಕಡೆ ತಂಗಿದಾಗ ಆಧಾರ 12 ವೋಲ್ಟಿನ ಬ್ಯಾಟರಿ. 100 ಆಂಪಿಯರ್-ಅವರ್ ಎಂದು ಬರೆದ ಸೀಸದ ಬ್ಯಾಟರಿಯಿಂದ ಅದಕ್ಕೆ ಧಕ್ಕೆಯಾಗದಂತೆ ತೆಗೆಯಬಹುದಾದದ್ದು ಅರ್ಧ ಮಾತ್ರ, ಸುಮಾರು 600 ವಾಟ್-ಅವರ್. ಚಳಿಯ ರಾತ್ರಿಯಲ್ಲಿ ಬಹಳ ಜನರಿಗೆ ಹೊಳೆಯದ ಸಂಗತಿಯೊಂದಿದೆ: ಹೀಟರ್ ಉರಿಯುವುದು ಗ್ಯಾಸಿನಲ್ಲಾದರೂ ಬಿಸಿಗಾಳಿ ಊದುವ ಫ್ಯಾನು ತಿರುಗುವುದು ಬ್ಯಾಟರಿಯಲ್ಲಿ. ಗ್ಯಾಸ್ ತುಂಬಿದ್ದರೂ ಬೆಳಗಿನ ಜಾವ ನಾಲ್ಕಕ್ಕೆ ಬ್ಯಾಟರಿ ಸೋತು ಗಾಡಿ ತಣ್ಣಗಾಗುವುದು ಇದರಿಂದಲೇ. ಲಿಥಿಯಂ ಬ್ಯಾಟರಿಗಳು ಹೆಚ್ಚು ಕೊಡುತ್ತವೆ. ಆದರೆ ಅವನ್ನು ಸೊನ್ನೆ ಡಿಗ್ರಿಗಿಂತ ಕೆಳಗೆ ಚಾರ್ಜ್ ಮಾಡಿದರೆ ಕೆಡುತ್ತವೆ. ಜನರೇಟರ್ ಇದ್ದವರು ಅದನ್ನು ತಿಂಗಳಿಗೊಮ್ಮೆಯಾದರೂ ಏಸಿಯಂಥ ಭಾರ ಕೊಟ್ಟು ಒಂದೆರಡು ಗಂಟೆ ಓಡಿಸಬೇಕು. ಸುಮ್ಮನೆ ನಿಂತರೆ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಅಂಟಾಗಿ ಹೆಪ್ಪುಗಟ್ಟುತ್ತದೆ.

ಗ್ಯಾಸು, ಫ್ರಿಜ್ಜು, ಒಗ್ಗರಣೆ

ಒಲೆ, ಹೀಟರು, ಬಿಸಿನೀರು, ಅನೇಕ ಗಾಡಿಗಳಲ್ಲಿ ಫ್ರಿಜ್ಜು ಕೂಡ ನಡೆಯುವುದು ಪ್ರೊಪೇನ್ ಗ್ಯಾಸಿನಲ್ಲಿ. ಬೆಂಕಿಯಿಂದ ಮಂಜುಗಡ್ಡೆ ಮಾಡುವ ಈ ಫ್ರಿಜ್ಜನ್ನು 1922ರಲ್ಲಿ ಸ್ಟಾಕ್‌ಹೋಮಿನ ಇಬ್ಬರು ವಿದ್ಯಾರ್ಥಿಗಳು, ಬಾಲ್ಟ್‌ಜಾರ್ ಫಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್ ರೂಪಿಸಿದರು. ಅದರಲ್ಲಿ ಮೋಟರಿಲ್ಲ. ಶಾಖಕ್ಕೆ ನೀರಿನಿಂದ ಬೇರ್ಪಟ್ಟ ಅಮೋನಿಯಾ ಕೊಳವೆಗಳಲ್ಲಿ ಸುತ್ತುತ್ತಾ ತಂಪು ಮಾಡುತ್ತದೆ. ದ್ರವ ತಾನಾಗಿ ಇಳಿದು ಬರಬೇಕಾದ್ದರಿಂದ ಗಾಡಿ ಸಮತಟ್ಟಾಗಿ ನಿಲ್ಲಲೇಬೇಕು. ಓರೆಯಾಗಿ ನಿಂತ ಗಾಡಿಯಲ್ಲಿ ಅದು ಗಂಟೆಗಟ್ಟಲೆ ಓಡಿದರೆ ಒಳಗಿನ ಕೊಳವೆ ಕಾದು, ಕಟ್ಟಿಕೊಂಡು, ಫ್ರಿಜ್ಜೇ ಹೋಗುತ್ತದೆ. ಬಂದ ಕೂಡಲೇ ಮಟ್ಟಗೋಲು ಇಟ್ಟು ಚಕ್ರದಡಿ ಹಲಗೆ ಕೊಡುವವರನ್ನು ನೋಡಿದರೆ ಅದು ಮಲಗುವ ಸುಖಕ್ಕೆ ಮಾತ್ರ ಅಲ್ಲ ಎಂದು ತಿಳಿಯಿರಿ. ಈ ಫ್ರಿಜ್ಜು ತಂಪಾಗಲು ಬಹಳ ಹೊತ್ತು ಬೇಕು. ಹಿಂದಿನ ದಿನವೇ ಹಚ್ಚಿಡಬೇಕು. ಹೊಸ ಗಾಡಿಗಳಲ್ಲಿ ಬ್ಯಾಟರಿಯಲ್ಲೇ ಓಡುವ ಕಂಪ್ರೆಸರ್ ಫ್ರಿಜ್ಜುಗಳು ಬರುತ್ತಿವೆ. ಅವಕ್ಕೆ ಈ ಮಡಿ ಇಲ್ಲ.

ಪ್ರೊಪೇನ್ ಗಾಳಿಗಿಂತ ಭಾರ. ಸೋರಿದರೆ ನೆಲದ ಮಟ್ಟದಲ್ಲಿ ನಿಲ್ಲುವುದರಿಂದ ಅದರ ಅಲಾರಂ ಗೋಡೆಯ ಬುಡದಲ್ಲೇ ಇರುತ್ತದೆ. ಆ ಪೆಟ್ಟಿಗೆಯ ಆಯಸ್ಸು ಐದರಿಂದ ಏಳು ವರ್ಷ. ತಾರೀಕು ಅದರ ಬೆನ್ನಿನ ಮೇಲೆ ಇರುತ್ತದೆ. ಕಾರ್ಬನ್ ಮೊನಾಕ್ಸೈಡಿನ ಅಲಾರಮ್ಮಿಗೂ ಆಯಸ್ಸು ಇದೆ. ಚಳಿಯಾಯಿತೆಂದು ಅಡುಗೆಯ ಒಲೆ ಹಚ್ಚಿಟ್ಟು ಮಲಗುವುದು ಸಾವನ್ನು ಕರೆದಂತೆ. ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯಿಲ್ಲ. ಪೆಟ್ರೋಲ್ ಬಂಕಿಗೆ ಹೋಗುವ ಮುಂಚೆ ಉರಿಯುವುದೆಲ್ಲ ಆರಿರಬೇಕು. ಕೆಲವು ಸುರಂಗಗಳಲ್ಲಿ ಗ್ಯಾಸಿನ ವಾಲ್ವು ಮುಚ್ಚದೆ ಬಿಡುವುದೇ ಇಲ್ಲ.

ನಮ್ಮ ಅಡುಗೆಗೆ ಈ ಅಡುಗೆಮನೆ ಒಗ್ಗುವುದು ಕಷ್ಟ. ಸಾಸಿವೆ, ಒಣಮೆಣಸಿನಕಾಯಿಯ ಒಗ್ಗರಣೆಯ ಹೊಗೆಗೆ ಅಂಗೈಯಗಲದ ಕೋಣೆಯಲ್ಲಿ ಹೊಗೆಯ ಅಲಾರಂ ಕೂಗುತ್ತದೆ, ಗಾಟು ಪರದೆ, ಹಾಸಿಗೆಗೆ ಹಿಡಿಯುತ್ತದೆ. ಒಗ್ಗರಣೆಯನ್ನು ಹೊರಗೆ, ಸಣ್ಣ ಕ್ಯಾಂಪ್ ಒಲೆಯ ಮೇಲೆ ಹಾಕುವುದೇ ಒಳ್ಳೆಯದು. ಮನೆಯಿಂದ ಪುಳಿಯೋಗರೆ ಗೊಜ್ಜು, ಹುರಿದ ರವೆ, ಚಟ್ನಿಪುಡಿ ಒಯ್ದರೆ ಅರ್ಧ ಕೆಲಸ ಮುಗಿಯಿತು. ಅಕ್ಕಿ ತೊಳೆದ ನೀರು, ಗಂಜಿ, ಸಾರಿನ ಎಣ್ಣೆ ಗ್ರೇ ಟ್ಯಾಂಕಿಗೆ ಇಳಿದರೆ ಎರಡೇ ದಿನಕ್ಕೆ ಹುಳಿತು ನಾರುತ್ತದೆ. ಸಿಂಕಿನ ನಾತ ಬಂದಾಗ ಜನ ಬ್ಲ್ಯಾಕ್ ಟ್ಯಾಂಕನ್ನು ಬೈಯುತ್ತಾರೆ, ತಪ್ಪು ಬಹಳ ಸಲ ಗ್ರೇ ಟ್ಯಾಂಕಿನದು. ತಟ್ಟೆ, ಬಾಣಲೆಯನ್ನು ಮೊದಲು ಕಾಗದದಲ್ಲಿ ಒರೆಸಿ ಆಮೇಲೆ ತೊಳೆಯಿರಿ. ಕರಡಿಗಳಿರುವ ಉದ್ಯಾನಗಳಲ್ಲಿ ಹೊರಗೆ ಅಡುಗೆ ಮಾಡಿದರೆ ಒಂದು ತುಣುಕೂ ಮೇಜಿನ ಮೇಲೆ ಉಳಿಯಕೂಡದು. ಯೆಲ್ಲೊಸ್ಟೋನಿನ ಫಿಶಿಂಗ್ ಬ್ರಿಜ್ ಆರ್‌ವಿ ಪಾರ್ಕಿನಲ್ಲಿ ಕರಡಿಗಳ ಕಾರಣಕ್ಕೇ ಬಟ್ಟೆಯ ಗೋಡೆಯ ಗಾಡಿಗಳಿಗೆ ಪ್ರವೇಶವಿಲ್ಲ.

ಎತ್ತರ, ತೂಕ, ಟೈರು

ಉತ್ತರ ಕ್ಯಾರೊಲೈನಾದ ಡರಮ್ ಪಟ್ಟಣದಲ್ಲಿ ಒಂದು ರೈಲು ಸೇತುವೆಯಿದೆ. ಅದರಡಿಯ ಎತ್ತರ ಮೊದಲು 11 ಅಡಿ 8 ಇಂಚು ಇತ್ತು. ಎಚ್ಚರಿಕೆಯ ಫಲಕಗಳಿದ್ದರೂ ವರ್ಷಗಳ ಕಾಲ ಬಾಡಿಗೆ ಟ್ರಕ್ಕುಗಳು, ಆರ್‌ವಿಗಳು ಅದಕ್ಕೆ ಬಡಿದು ಚಾವಣಿ ಕಿತ್ತುಕೊಂಡವು. 2019ರಲ್ಲಿ ಸೇತುವೆಯನ್ನು ಎಂಟು ಇಂಚು ಎತ್ತರಿಸಿದರು. ಆಮೇಲೂ ಬಡಿಯುವುದು ನಿಲ್ಲಲಿಲ್ಲ. ಓಡಿಸುವವರಿಗೆ ತಮ್ಮ ಗಾಡಿಯ ಎತ್ತರ ಗೊತ್ತಿಲ್ಲದಿರುವುದು ಇಂಥ ಅಪಘಾತಗಳಿಗೆ ದೊಡ್ಡ ಕಾರಣ. ಚಾವಣಿಯ ಏಸಿಯೂ ಸೇರಿದ ಎತ್ತರವನ್ನು ಚೀಟಿಯಲ್ಲಿ ಬರೆದು ಸ್ಟೇರಿಂಗಿನ ಎದುರು ಅಂಟಿಸಿ. ಫೋನಿನ ಸಾಮಾನ್ಯ ನಕ್ಷೆ ಕಾರಿಗಾಗಿ ದಾರಿ ತೋರಿಸುತ್ತದೆ ಎಂಬುದೂ ನೆನಪಿರಲಿ. ಗ್ಲೇಷಿಯರ್ ರಾಷ್ಟ್ರೀಯ ಉದ್ಯಾನದ 'ಗೋಯಿಂಗ್ ಟು ದಿ ಸನ್' ರಸ್ತೆಯ ಕಡಿದಾದ ಭಾಗಕ್ಕೆ 21 ಅಡಿಗಿಂತ ಉದ್ದದ ವಾಹನ ಬಿಡುವುದಿಲ್ಲ. ಜಯಾನ್ ಉದ್ಯಾನದ 1930ರ ಸುರಂಗ ಕಟ್ಟಿದ್ದೇ ಆ ಕಾಲದ ಕಾರುಗಳ ಅಳತೆಗೆ; ದೊಡ್ಡ ಗಾಡಿಗಳಿಗೆ ಅಲ್ಲಿ ನಿರ್ಬಂಧವಿದೆ. ಹೊರಡುವ ಮುನ್ನ ಉದ್ಯಾನದ ನಿಯಮ ನೋಡಿಕೊಂಡೇ ಹೋಗಬೇಕು.

ಇಳಿಜಾರಿನಲ್ಲಿ ಬ್ರೇಕನ್ನು ಒತ್ತಿಹಿಡಿದೇ ಇಳಿದರೆ ಅದು ಕಾದು ಹಿಡಿತ ಬಿಡುತ್ತದೆ. ಇಳಿಯಲು ಶುರುಮಾಡುವ ಮೊದಲೇ ಕೆಳಗಿನ ಗೇರಿಗೆ ಹಾಕಬೇಕು; ಚಾರ್ಮಾಡಿ, ಆಗುಂಬೆಯಲ್ಲಿ ಲಾರಿ ಇಳಿಸುವವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಟ್ರೇಲರ್ ಎಳೆಯುವವರು ಇನ್ನೂ ಒಂದು ಲೆಕ್ಕ ಹಾಕಬೇಕು. ಟ್ರೇಲರಿನ ಒಟ್ಟು ತೂಕದ ಶೇ 10ರಿಂದ 15ರಷ್ಟು ಕೊಂಡಿಯ ಮೇಲೆ ಬೀಳುವಂತೆ ಸಾಮಾನು ಜೋಡಿಸಬೇಕು. ಭಾರವೆಲ್ಲ ಹಿಂದಕ್ಕೆ ಹೋದರೆ ವೇಗದಲ್ಲಿ ಟ್ರೇಲರು ಅತ್ತಿತ್ತ ಓಲಾಡತೊಡಗಿ ಎಳೆಯುವ ಗಾಡಿಯನ್ನೂ ಕೆಡವುತ್ತದೆ.

ಕಾರಿನ ಟೈರು ಸಾಮಾನ್ಯವಾಗಿ ಸವೆದು ಸಾಯುತ್ತದೆ, ಆರ್‌ವಿ ಟೈರು ಕೂತಲ್ಲೇ ಮುದಿಯಾಗುತ್ತದೆ. ವರ್ಷದಲ್ಲಿ ಬಹುಕಾಲ ಬಿಸಿಲಿನಲ್ಲಿ ನಿಲ್ಲುವುದರಿಂದ ಗೆರೆಗಳು ಹೊಸದರಂತಿದ್ದರೂ ರಬ್ಬರು ಒಳಗೇ ಬಿರಿದಿರುತ್ತದೆ. ಟೈರಿನ ಪಕ್ಕದಲ್ಲಿ ಡಿಓಟಿ ಅಕ್ಷರಗಳಿಂದ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 3521 ಎಂದಿದ್ದರೆ 2021ರ 35ನೇ ವಾರದಲ್ಲಿ ತಯಾರಾದದ್ದು. ಐದರಿಂದ ಏಳು ವರ್ಷದೊಳಗೆ ಬದಲಿಸುವುದು ಕ್ಷೇಮ. ಗಾಳಿಯನ್ನು ಬೆಳಿಗ್ಗೆ ಹೊರಡುವ ಮುಂಚೆ, ಟೈರು ತಣ್ಣಗಿರುವಾಗಲೇ ಅಳೆಯಬೇಕು. ಟ್ರೇಲರುಗಳಿಗೆ ಹಾಕುವ ಅನೇಕ ಟೈರುಗಳ ಮಿತಿಯೇ ಗಂಟೆಗೆ 65 ಮೈಲಿ, ಅಂದರೆ 105 ಕಿಲೋಮೀಟರ್. ಹೆದ್ದಾರಿಯ ಫಲಕ ಹೆಚ್ಚು ಹೇಳಿದರೂ ಟೈರಿನ ಮಾತು ಕೇಳಬೇಕು.

ಗಾಡಿ ಸಾಯುವುದು ಸೂರಿನಿಂದ

ಸ್ವಂತ ಆರ್‌ವಿ ಕೊಂಡವರು ಇಂಜಿನ್ ಆಯಿಲ್ಲಿನ ಬಗ್ಗೆ ತೋರಿಸುವ ಕಾಳಜಿಯ ಅರ್ಧದಷ್ಟನ್ನು ಚಾವಣಿಗೆ ತೋರಿಸಿದರೂ ಎಷ್ಟೋ ಗಾಡಿಗಳು ಉಳಿಯುತ್ತವೆ. ಇಂಜಿನ್ ಕೆಟ್ಟರೆ ರಿಪೇರಿ ಮಾಡಬಹುದು. ಒಳಗಿನ ಮರದ ಚೌಕಟ್ಟಿಗೆ ನೀರು ಇಳಿದು ಕೊಳೆತರೆ ಗಾಡಿಯೇ ಮುಗಿದಂತೆ. ಬಹಳಷ್ಟು ಆರ್‌ವಿಗಳ ಗೋಡೆ ಅಂದರೆ ತೆಳು ಹಲಗೆಗೆ ಅಂಟಿಸಿದ ಫೈಬರ್‌ಗ್ಲಾಸ್ ಹಾಳೆ. ನೀರು ಸೇರಿದರೆ ಅಂಟು ಬಿಟ್ಟು ಹೊರಗೋಡೆ ಉಬ್ಬುತ್ತದೆ.

ಚಾವಣಿಯಲ್ಲಿ ಗಾಳಿಕಿಂಡಿ, ಏಸಿ, ಆಂಟೆನಾ, ಸೋಲಾರ್ ಹಲಗೆ ಎಂದು ಹತ್ತಾರು ತೂತು. ಪ್ರತಿಯೊಂದರ ಸುತ್ತಲೂ ಸೀಲಂಟ್ ಹಚ್ಚಿರುತ್ತಾರೆ. ಬಿಸಿಲು, ಚಳಿ, ರಸ್ತೆಯ ಅಲುಗಾಟಕ್ಕೆ ಅದು ಬಿರಿಯುತ್ತದೆ. ವರ್ಷಕ್ಕೆ ಎರಡು ಸಲವಾದರೂ ಹತ್ತಿ ನೋಡಬೇಕು. ಬಿರುಕು ಕಂಡರೆ ಚಾವಣಿಯ ಜಾತಿಗೆ ಒಪ್ಪುವ ಸೀಲಂಟನ್ನೇ ಹಚ್ಚಬೇಕು, ಅಂಗಡಿಯಲ್ಲಿ ಸುಲಭಕ್ಕೆ ಸಿಗುವ ಸಿಲಿಕೋನ್ ಬೇಡ. ಒಮ್ಮೆ ಸಿಲಿಕೋನ್ ಬಳಿದ ಜಾಗಕ್ಕೆ ಮುಂದೆ ಬೇರೆ ಯಾವುದೂ ಅಂಟುವುದಿಲ್ಲ. ಹಳೆಯ ಗಾಡಿ ಕೊಳ್ಳಲು ಹೋದವರು ಸೋಫಾದ ಬಟ್ಟೆ ನೋಡುವ ಮೊದಲು ಮೂಲೆಗಳನ್ನು, ಕಿಟಕಿಯ ಕೆಳಭಾಗವನ್ನು, ಬಚ್ಚಲ ನೆಲವನ್ನು ಒತ್ತಿ ನೋಡಿ. ಎಲ್ಲಾದರೂ ಮೆತ್ತಗೆ ತಗ್ಗಿದರೆ ಬೆಲೆ ಎಷ್ಟೇ ಕಡಿಮೆಯಿದ್ದರೂ ಹಿಂದಿರುಗಿ ಬನ್ನಿ.

ಚಳಿಗಾಲದ ನಿದ್ದೆ

ನೀರು ಹೆಪ್ಪುಗಟ್ಟಿದಾಗ ಶೇ 9ರಷ್ಟು ಹಿಗ್ಗುತ್ತದೆ. ಕೊಳವೆ, ಪಂಪು, ವಾಲ್ವು ಸೀಳಲು ಅಷ್ಟು ಸಾಕು. ಉತ್ತರದ ರಾಜ್ಯಗಳಲ್ಲಿ ಗಾಡಿಯನ್ನು ಚಳಿಗಾಲಕ್ಕೆ ನಿಲ್ಲಿಸುವ ಮೊದಲು ಟ್ಯಾಂಕುಗಳನ್ನೆಲ್ಲ ಬರಿದು ಮಾಡಿ, ಬಿಸಿನೀರಿನ ಟ್ಯಾಂಕು ಆರಿದ ಮೇಲೆ ಒತ್ತಡ ಬಿಟ್ಟು ಖಾಲಿ ಮಾಡಿ, ಕೊಳವೆಗಳಿಗೆ ಗುಲಾಬಿ ಬಣ್ಣದ ಆಂಟಿಫ್ರೀಜ್ ಹಾಯಿಸುತ್ತಾರೆ. ಅದು ಪ್ರೊಪಿಲೀನ್ ಗ್ಲೈಕಾಲ್. ಕಾರಿನ ರೇಡಿಯೇಟರಿಗೆ ಹಾಕುವ ಎಥಿಲೀನ್ ಗ್ಲೈಕಾಲ್ ವಿಷ, ಅದು ಕುಡಿಯುವ ನೀರಿನ ಕೊಳವೆಗೆ ಹೋಗಲೇಬಾರದು. ವಸಂತದಲ್ಲಿ ಮತ್ತೆ ತೆಗೆದಾಗ 57 ಲೀಟರ್ ನೀರಿಗೆ 60 ಮಿಲಿಲೀಟರಿನಂತೆ ಪರಿಮಳವಿಲ್ಲದ ಮನೆಬಳಕೆಯ ಬ್ಲೀಚ್ ಬೆರೆಸಿ, ಕೆಲವು ಗಂಟೆ ನಿಲ್ಲಿಸಿ, ವಾಸನೆ ಹೋಗುವತನಕ ತೊಳೆಯುವುದು ವಾಡಿಕೆ. ಇಲಿಗಳು ವೈರು ಕಡಿಯದಂತೆ ಅಡಿಯ ತೂತುಗಳಿಗೆ ಸ್ಟೀಲ್ ನಾರು ತುರುಕುತ್ತಾರೆ.

ಚಳಿ ತಾಳದವರು ಗಾಡಿ ಸಮೇತ ದಕ್ಷಿಣಕ್ಕೆ ಇಳಿಯುತ್ತಾರೆ. ಅರಿಜೋನಾದ ಕ್ವಾರ್ಟ್‌ಸೈಟ್ ಊರಿನ ಬಳಿಯ ಮರುಭೂಮಿಯಲ್ಲಿ ಸೆಪ್ಟೆಂಬರ್ ನಡುವಿನಿಂದ ಏಪ್ರಿಲ್ ನಡುವಿನವರೆಗೆ ಪರವಾನಗಿ ಪಡೆದು ತಂಗಲು ಸರ್ಕಾರಿ ಜಮೀನಿದೆ. 2021ರಲ್ಲಿ ಆಸ್ಕರ್ ಪಡೆದ 'ನೊಮ್ಯಾಡ್‌ಲ್ಯಾಂಡ್' ಚಿತ್ರದಲ್ಲಿ ಈ ಊರು ಕಾಣುತ್ತದೆ. ಆ ಚಿತ್ರ ನೆನಪಿಸುವ ಇನ್ನೊಂದು ಸತ್ಯವನ್ನೂ ಬಿಡಬಾರದು. ಬಾಡಿಗೆ ಕಟ್ಟಲಾಗದೆ ವ್ಯಾನಿನಲ್ಲೇ ಬದುಕುವ ಹಿರಿಯರಿಗೆ ಈ ಟ್ಯಾಂಕು, ಬ್ಯಾಟರಿಗಳ ಲೆಕ್ಕ ವಾರಾಂತ್ಯದ ಹವ್ಯಾಸವಲ್ಲ, ದಿನನಿತ್ಯದ ಬದುಕು. ಪಶ್ಚಿಮದ ರಾಜ್ಯಗಳ ಇತರ ಸರ್ಕಾರಿ ಬಯಲುಗಳಲ್ಲಿ ಸಾಮಾನ್ಯವಾಗಿ 28 ದಿನಗಳ ಅವಧಿಯಲ್ಲಿ 14 ದಿನ ಪುಕ್ಕಟೆ ತಂಗಬಹುದು. ಅಲ್ಲಿ ನಲ್ಲಿಯಿಲ್ಲ, ಕಂಬವಿಲ್ಲ, ಕಸದ ಬುಟ್ಟಿಯೂ ಇಲ್ಲ. ತಂದದ್ದನ್ನೆಲ್ಲ ವಾಪಸ್ ಒಯ್ಯಬೇಕು.

ಬಾಡಿಗೆ ಗಾಡಿ ಪಡೆಯುವಾಗ

ಮೊದಲ ಪ್ರವಾಸಕ್ಕೆ ದೂರದ ಕನಸು ಬೇಡ. ಮನೆಯಿಂದ ಎರಡು ಮೂರು ಗಂಟೆ ದೂರದ, ನೀರು, ಕರೆಂಟು, ಚರಂಡಿ ಮೂರೂ ಇರುವ ಕ್ಯಾಂಪ್‌ಗ್ರೌಂಡಿನಲ್ಲಿ ಎರಡು ರಾತ್ರಿ ಸಾಕು. ಹೆಸರುವಾಸಿ ಉದ್ಯಾನಗಳ ಜಾಗಗಳು ತಿಂಗಳುಗಟ್ಟಲೆ ಮುಂಚೆ ಮುಗಿಯುತ್ತವೆ, ಆದ್ದರಿಂದ ಗಾಡಿಗಿಂತ ಮೊದಲು ಜಾಗ ಕಾದಿರಿಸಿ. ಸೌದೆಯನ್ನು ಮನೆಯಿಂದ ಒಯ್ಯಬೇಡಿ. ಏಷ್ಯಾದಿಂದ ಬಂದ ಎಮರಾಲ್ಡ್ ಆಶ್ ಬೋರರ್ ಎಂಬ ಹಸಿರು ದುಂಬಿ 2002ರಲ್ಲಿ ಮಿಷಿಗನ್‌ನಲ್ಲಿ ಪತ್ತೆಯಾದ ಮೇಲೆ ಕೋಟಿಗಟ್ಟಲೆ ಆಶ್ ಮರಗಳನ್ನು ಕೊಂದಿದೆ. ಅದು ಊರಿಂದೂರಿಗೆ ಹರಡಿದ್ದಕ್ಕೆ ಪ್ರವಾಸಿಗಳು ಹೊತ್ತ ಸೌದೆಯೂ ಒಂದು ದಾರಿ.

ಗಾಡಿ ಒಪ್ಪಿಸುವವರು ಅವಸರದಲ್ಲಿರುತ್ತಾರೆ. ನೀವು ಅವಸರ ಮಾಡಬೇಡಿ. ಎರಡು ವಾಲ್ವುಗಳಲ್ಲಿ ಬ್ಲ್ಯಾಕ್ ಯಾವುದು, ಬ್ರೇಕರ್ ಪೆಟ್ಟಿಗೆ ಎಲ್ಲಿದೆ, ಗ್ಯಾಸ್ ಮುಚ್ಚುವುದು ಹೇಗೆ, ಮೇಲಾವರಣ ಮಡಿಸುವುದು ಹೇಗೆ ಎಂದು ಅವರಿಂದಲೇ ಮಾಡಿಸಿ ಫೋನಿನಲ್ಲಿ ವಿಡಿಯೋ ಮಾಡಿಕೊಳ್ಳಿ. ಹೊರಗೋಡೆಯ ಗೀರು, ಕಿಟಕಿ, ಟೈರಿನ ತಾರೀಕು ಅದೇ ವಿಡಿಯೋದಲ್ಲಿ ಬರಲಿ. ಗಾಳಿ ಬೀಸಿದಾಗ, ಹೊರಗೆ ಸುತ್ತಲು ಹೋಗುವಾಗ ಮೇಲಾವರಣ ಬಿಚ್ಚಿಡಬೇಡಿ. ಅದು ಮುರಿದರೆ ರಿಪೇರಿ ದುಬಾರಿ. ಟ್ಯಾಂಕು ಬರಿದು ಮಾಡದೆ ಗಾಡಿ ಹಿಂತಿರುಗಿಸಿದರೆ ಸಾಮಾನ್ಯವಾಗಿ ದಂಡ ಹಾಕುತ್ತಾರೆ, ಕೊನೆಯ ದಿನದ ಡಂಪ್ ಸ್ಟೇಷನ್ ಎಲ್ಲಿದೆಯೆಂದು ಮೊದಲೇ ಗುರುತಿಟ್ಟುಕೊಳ್ಳಿ.

ಪ್ರತಿ ಸಲ ಜಾಗ ಬಿಡುವಾಗ ಸ್ಟೇರಿಂಗಿನ ಮುಂದೆ ಕೂರುವ ಮೊದಲು ಗಾಡಿಯ ಸುತ್ತ ನಡೆದು ಬನ್ನಿ. ಕೇಬಲ್, ಎರಡೂ ಪೈಪು, ಮಡಚುವ ಮೆಟ್ಟಿಲು, ಚಕ್ರಕ್ಕೆ ಕೊಟ್ಟ ಕಟ್ಟೆ, ಚಾವಣಿಯ ಗಾಳಿಕಿಂಡಿ, ಆಂಟೆನಾ, ಒಳಗಿನ ಕಪಾಟಿನ ಚಿಲಕ, ಫ್ರಿಜ್ಜಿನ ಬಾಗಿಲು ಎಲ್ಲ ನೋಡಿದ ಮೇಲೆ ಇನ್ನೊಬ್ಬರು ಹಿಂದೆ ನಿಂತು ಬ್ರೇಕ್ ದೀಪ, ಇಂಡಿಕೇಟರು ಉರಿಯುತ್ತಿವೆ ಎಂದು ಕೂಗಿ ಹೇಳಲಿ. ಆಮೇಲೆ ಗೇರ್ ಹಾಕಿ.